ಪರೀಕ್ಷೆ ಮುಗಿದ ಮೇಲಿನ ವಾರವೂ ಶಾಲೆಯೇ

ಮಾನ್ಯ ಸಂಪಾದಕರೇ,

ಕ್ರೈಸ್ತರ ಈಸ್ಟರ್‌ನಂಥ ಒಂದೇ ಧರ್ಮದ ಹಬ್ಬದ ಹೆಸರಲ್ಲಿ ಶಾಲೆಗಳು ಮಕ್ಕಳ ಸಮಯ ಹಾಳು ಮಾಡುತ್ತಿವೆ, ಪರೀಕ್ಷೆ ಮುಗಿದ ಮೇಲೆ ಸುಮ್ನೆ ರಜೆ ಕೊಟ್ಟುಬಿಡಬಾರದೇ ಎಂದು ಓದುಗರೊಬ್ಬರು ಮೊನ್ನೆ ನಿಮ್ಮ ಈ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅರ್ಧ ಒಪ್ಪುತ್ತೇನೆ ಕೂಡ. ಇನ್ನರ್ಧಕ್ಕೆ ನನ್ನದೊಂದು ತಕರಾರಿದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಜಾಗ ಸಾಲದಿದ್ದರೆ ಕತ್ತರಿಸಿಕೊಳ್ಳಿ, ಆದರೆ ಕರಗದ ಹುಣ್ಣಿಮೆಯ ವಿಷಯ ಮಾತ್ರ ಬಿಡಬೇಡಿ.

ನಾನು ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಹುಟ್ಟಿ ಬೆಳೆದದ್ದು ತಿಗಳರಪೇಟೆ. ಈಗ ಲಿಂಗರಾಜಪುರದಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಮೂರನೇ ಕ್ಲಾಸು. ಅವಳ ಕ್ಲಾಸ್ ಮಿಸ್ ಪ್ರತಿ ವಾರದ ಕೊನೆಗೆ ‘ಈ ವಾರ ಕಲಿತದ್ದು’ ಅಂತ ಒಂದು ಹಾಳೆ ಮನೆಗೆ ಕಳಿಸುತ್ತಾರೆ. ಅರ್ಧ ಮಿಸ್ ಬರೆದದ್ದು, ಅರ್ಧ ಮಕ್ಕಳೇ ಬರೆದದ್ದು, ಅಲ್ಲಲ್ಲಿ ಕಾಗುಣಿತ ತಪ್ಪು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಹಾಗಾಗಿ ಅದಕ್ಕೆ ಸಹಿ ಹಾಕುವ ಕೆಲಸ ನನ್ನದು. ಈಸ್ಟರ್‌ಗೆ ಮುಂಚಿನ ವಾರದ ಹಾಳೆ ನನ್ನ ಮುಂದೆಯೇ ಇದೆ, ಅದನ್ನೇ ನೋಡಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಪ್ಪುವ ಅರ್ಧ ಹೇಳಿಬಿಡುತ್ತೇನೆ. ನಮ್ಮ ಬೀದಿಯ ಇನ್ನೊಂದು ಮಗು ಬೇರೆ ಶಾಲೆಗೆ ಹೋಗುತ್ತದೆ. ಅದರ ತಾಯಿಯ ಫೋನಿಗೆ ಶಾಲೆಯಿಂದ ವಾಟ್ಸಾಪ್ ಬಂತು. ಬಿಳಿ ಫ್ರಾಕು, ಮೊಲದ ಕಿವಿಯ ಹೇರ್‌ಬ್ಯಾಂಡು, ಬಣ್ಣಬಣ್ಣದ ಪ್ಲಾಸ್ಟಿಕ್ ಮೊಟ್ಟೆ ಒಂದು ಡಜನ್, ಅದನ್ನಿಡಲು ಬುಟ್ಟಿ. ನಾಳೆ ಬೆಳಿಗ್ಗೆಗೇ ಬೇಕಂತೆ. ಆ ತಾಯಿ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮುಗಿಸಿ ಬಂದು, ರಾತ್ರಿ ಎಂಟರ ಮೇಲೆ ಕಮ್ಮನಹಳ್ಳಿಯ ಅಂಗಡಿ ಅಂಗಡಿ ಸುತ್ತಿದ್ದಾಳೆ. ಮಾರನೇ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು, ಬುಟ್ಟಿ ವಾಪಸ್ ಮನೆಗೆ ಬಂತು. ಈಸ್ಟರ್ ಅಂದರೇನು ಅಂತ ಆ ಮಗುವನ್ನು ಕೇಳಿದರೆ ‘ಮೊಲದ ಬರ್ತ್‌ಡೇ’ ಅಂತು. ಇಂಥದ್ದನ್ನು ನೋಡಿ ಆ ಓದುಗರು ಬೈದಿದ್ದರೆ ಅದು ಸರಿಯೇ.

ಆದರೆ ಅದೇ ವಾರ, ಅದೇ ಏರಿಯಾದಲ್ಲಿ, ಮನೆಯವರಿಗೆ ಒಂದು ರೂಪಾಯಿ ಖರ್ಚಿಲ್ಲದೆ ಇನ್ನೊಂದು ಕ್ಲಾಸಿನಲ್ಲಿ ಏನೇನು ನಡೆಯಿತು ನೋಡಿ.

ಸೋಮವಾರ ಅರ್ಧ ಬೆಂಚು ಖಾಲಿ ಇತ್ತಂತೆ. ಪರೀಕ್ಷೆ ಮುಗೀತಲ್ಲ, ಇನ್ಯಾಕೆ ಕಳಿಸಬೇಕು ಅನ್ನುವುದು ನಮ್ಮ ಜನರ ಲೆಕ್ಕ. ಹಿಂದಿನ ದಿನ ಗರಿಗಳ ಭಾನುವಾರ. ಕ್ರೈಸ್ತರ ಮನೆಯ ಮಕ್ಕಳು ಚರ್ಚಿನಲ್ಲಿ ಕೊಟ್ಟ ಗರಿಯಿಂದ ಮಡಚಿದ ಪುಟ್ಟ ಶಿಲುಬೆಗಳನ್ನು ತಂದಿದ್ದರು. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡರು ಅನ್ನುವ ಕಥೆಯನ್ನು ಅವರಲ್ಲೇ ಒಬ್ಬ ಹುಡುಗಿ ಹೇಳಿದಳು. ಈ ಗರಿಯನ್ನು ವರ್ಷವಿಡೀ ಮನೆಯಲ್ಲಿಟ್ಟುಕೊಂಡು ಮುಂದಿನ ವರ್ಷ ಚರ್ಚಿಗೆ ವಾಪಸ್ ಕೊಡುತ್ತಾರೆ, ಅದನ್ನು ಸುಟ್ಟ ಬೂದಿಯನ್ನೇ ಅವರ ಉಪವಾಸ ಶುರುವಾಗುವ ಬೂದಿ ಬುಧವಾರದಂದು ಹಣೆಗೆ ಹಚ್ಚುತ್ತಾರೆ ಅನ್ನುವುದು ನನಗೂ ಗೊತ್ತಿರಲಿಲ್ಲ. ಶಿವಾಜಿನಗರದ ರೂಟಿನಲ್ಲಿ ಅಷ್ಟು ವರ್ಷ ಟಿಕೆಟ್ ಹರಿದು, ಹಣೆಯಲ್ಲಿ ಬೂದಿ ಇಟ್ಟುಕೊಂಡ ಎಷ್ಟೋ ಜನರಿಗೆ ಚಿಲ್ಲರೆ ಕೊಟ್ಟಿದ್ದೇನೆ, ಒಬ್ಬರನ್ನೂ ಕೇಳಿರಲಿಲ್ಲ.

ಆಮೇಲೆ ಮಿಸ್ ತೆಂಗಿನ ಗರಿ ತರಿಸಿ ಹೆಣೆಯುವುದನ್ನು ಹೇಳಿಕೊಟ್ಟರು. ಒಂದು ಮೇಲೆ, ಒಂದು ಕೆಳಗೆ. ಮುಂದಿನ ಸಾಲಿನಲ್ಲಿ ಉಲ್ಟಾ. ಇಷ್ಟೇ. ಆದರೆ ಎಂಟು ವರ್ಷದ ಮಕ್ಕಳಿಗೆ ಅದು ಸುಲಭವಲ್ಲ, ನೀವೇ ಕೂರಿಸಿ ನೋಡಿ. ಎರಡು ಮೇಲೆ ಎರಡು ಕೆಳಗೆ ಮಾಡಿದರೆ ಬೇರೆ ವಿನ್ಯಾಸ ಬರುತ್ತದೆ ಅಂತ ಒಬ್ಬ ಹುಡುಗ ತಾನಾಗಿಯೇ ಕಂಡುಹಿಡಿದನಂತೆ, ಹಾಳೆಯಲ್ಲಿ ಅವನ ಚಾಪೆಯ ಚಿತ್ರ ಇದೆ. ಮನೆಗೆ ಬಂದ ಮೊಮ್ಮಗಳಿಗೆ ನಾನು ಗರಿಯ ಪೀಪಿ, ಕೈಗಡಿಯಾರ ಮಾಡಿಕೊಟ್ಟೆ. ಪೀಪಿಯಿಂದ ನಮ್ಮ ಮನೆಯವಳಿಗೆ ತಲೆನೋವು ಬಂದದ್ದು ಬೇರೆ ವಿಷಯ.

ಈಗ ಹುಣ್ಣಿಮೆಯ ವಿಷಯಕ್ಕೆ ಬರುತ್ತೇನೆ.

ಈ ಮಕ್ಕಳು ಹೋಳಿ ಹುಣ್ಣಿಮೆಯಿಂದ, ಅಂದರೆ ಮಾರ್ಚ್ 3ರಿಂದ, ದಿನಾ ರಾತ್ರಿ ಚಂದ್ರನ ಚಿತ್ರ ಬರೆಯುತ್ತಿದ್ದರು. ಪರೀಕ್ಷೆ ನಡುವೆಯೂ ಬಿಡಲಿಲ್ಲ. ಮೋಡ ಇದ್ದರೆ ಮೋಡ ಬರೆದರು. ಮೊದಲು ಹುಣ್ಣಿಮೆಯ ಚಂದ್ರ ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಬರುತ್ತಾನೆ, ಆಮೇಲೆ ದಿನಾ ಮುಕ್ಕಾಲು ಗಂಟೆಗೂ ಸ್ವಲ್ಪ ಜಾಸ್ತಿ ತಡವಾಗುತ್ತಾ ಹೋಗುತ್ತಾನೆ. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ‘ತಾತಾ, ಇನ್ನೂ ಬಂದಿಲ್ಲ’ ಅಂತ ಟೆರೇಸಿನ ಮೇಲೆ ನಿದ್ದೆಗಣ್ಣಲ್ಲಿ ಕಾಯುವುದು ಬೇರೆ. ಅಮಾವಾಸ್ಯೆ ಕಳೆಯಿತು, 19ಕ್ಕೆ ಯುಗಾದಿ ಬಂತು. ಅದರ ಹಿಂದೆಯೇ ರಂಜಾನ್ ಚಂದ್ರ. ಆಗ ಕ್ಲಾಸಿನ ಮುಸ್ಲಿಂ ಮಕ್ಕಳ ಮನೆಯವರೆಲ್ಲ ಆಕಾಶ ನೋಡುತ್ತಿದ್ದರೆ ಈ ಮಕ್ಕಳೂ ಜೊತೆಗೆ ನೋಡಿದ್ದಾರೆ.

ಈಸ್ಟರ್ ವಾರದಲ್ಲೇ ಮಿಸ್ ಬೋರ್ಡಿನ ಮೇಲೆ ಒಂದು ನಿಯಮ ಬರೆದರು. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಹುಡುಕಿ. ಆ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಈಸ್ಟರ್. ಗುಂಪಿಗೆ ಒಂದೊಂದು ಹಳೆಯ ಗೋಡೆ ಕ್ಯಾಲೆಂಡರ್ ಕೊಟ್ಟು, ಅದರಲ್ಲಿ ಹಬ್ಬದ ಹೆಸರು ಬರೆದ ಜಾಗಕ್ಕೆ ಚೀಟಿ ಅಂಟಿಸಿ ಮುಚ್ಚಿ, ನೀವೇ ಕಂಡುಹಿಡಿಯಿರಿ ಅಂದರು. 2023ರ ಗುಂಪಿಗೆ ಏಪ್ರಿಲ್ 9 ಬಂತು. 2024ರವರಿಗೆ ಮಾರ್ಚ್ 31. 2025ರ ಗುಂಪಿನಲ್ಲಿ ಜಗಳ. ಆ ವರ್ಷ ಹುಣ್ಣಿಮೆಯೇ ಭಾನುವಾರ ಬಿದ್ದಿತ್ತು, ಏಪ್ರಿಲ್ 13. ಅದೇ ದಿನ ಈಸ್ಟರಾ, ಮುಂದಿನ ಭಾನುವಾರವಾ? ನಿಯಮವನ್ನು ಮತ್ತೆ ಓದಿ, ‘ಕಳೆದ ಮೇಲೆ’ ಅಂತ ಇದೆಯಲ್ಲ ಎಂದು ವಾದಿಸಿ ಏಪ್ರಿಲ್ 20 ಅಂದರು. ಚೀಟಿ ತೆಗೆದು ನೋಡಿದರೆ ಸರಿ. ಒಂದು ವಾಕ್ಯವನ್ನು ಇಷ್ಟು ಗಮನ ಕೊಟ್ಟು ಓದುವುದನ್ನು ಯಾವ ಪರೀಕ್ಷೆ ಕಲಿಸಿತ್ತು, ಹೇಳಿ.

ಮೊಮ್ಮಗಳು ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ನಾನು ಧರ್ಮರಾಯನ ಗುಡಿಯ ಬೀದಿಯವನು. ಚೈತ್ರ ಹುಣ್ಣಿಮೆ ಅಂದರೆ ನಮಗೆ ಕರಗ, ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ಈ ವರ್ಷದ ಹುಣ್ಣಿಮೆ ಏಪ್ರಿಲ್ 2, ಗುರುವಾರ. ಈಸ್ಟರ್ 5, ಭಾನುವಾರ. ಅಂದರೆ ನಮ್ಮ ಕರಗದ ಹುಣ್ಣಿಮೆ ಯಾವುದೋ ಅದೇ ಹುಣ್ಣಿಮೆಯಿಂದ ಅವರ ಈಸ್ಟರನ್ನೂ ಎಣಿಸುತ್ತಾರೆ! 2023ರಲ್ಲೂ ಹಾಗೇ, 2025ರಲ್ಲೂ ಹಾಗೇ. ಕರಗ ಹೊತ್ತವರು ಮಲ್ಲಿಗೆಯ ನಡುವೆ ಕಾಟನ್‌ಪೇಟೆಯ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವುದು ಇಡೀ ಊರಿಗೆ ಗೊತ್ತು. ಅದೇ ಚಂದ್ರನನ್ನು ಫ್ರೇಜರ್ ಟೌನಿನ ಚರ್ಚಿನವರೂ ಎಣಿಸುತ್ತಾ ಕೂತಿರುತ್ತಾರೆ ಅಂತ ನನಗೆ ಹೇಳಿಕೊಟ್ಟದ್ದು ಮೂರನೇ ಕ್ಲಾಸಿನ ಹುಡುಗಿ.

ಆದರೆ ಯಾವಾಗಲೂ ಹಾಗೆ ಆಗುವುದಿಲ್ಲ. 2024ರಲ್ಲಿ ಹೋಳಿ ಹುಣ್ಣಿಮೆಯೇ ಮಾರ್ಚ್ 25ಕ್ಕೆ ಬಂದು ಈಸ್ಟರ್ ಮಾರ್ಚ್‌ನಲ್ಲೇ ಮುಗಿದಿತ್ತು, ಕರಗ ಏಪ್ರಿಲ್ ಕೊನೆಗೆ ಬಂತು. ಯಾಕೆ ಹೀಗೆ ಅಂತ ಅವಳು ಕೇಳಿದಾಗ ಪಂಚಾಂಗ ತೆಗೆದು ನಾನು ವಿವರಿಸಿದೆ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ ಸುಮಾರು 11 ದಿನ ಕಡಿಮೆ. ಅದನ್ನು ಸರಿಮಾಡಲು ಎರಡೂವರೆ ಮೂರು ವರ್ಷಕ್ಕೊಮ್ಮೆ ನಾವು ಅಧಿಕ ಮಾಸ ಹಾಕಿಕೊಳ್ಳುತ್ತೇವೆ, ಈ ವರ್ಷವೇ ಅಧಿಕ ಜ್ಯೇಷ್ಠ ಇದೆ. ಮುಸ್ಲಿಮರ ಲೆಕ್ಕದಲ್ಲಿ ಅಧಿಕ ಮಾಸ ಇಲ್ಲ, ಹಾಗಾಗಿ ರಂಜಾನ್ ಮಳೆಗಾಲಕ್ಕೂ ಬರುತ್ತದೆ, ಚಳಿಗಾಲಕ್ಕೂ ಬರುತ್ತದೆ. ಈಸ್ಟರ್‌ನವರು ಮಾರ್ಚ್ 22ರಿಂದ ಏಪ್ರಿಲ್ 25ರ ಬೇಲಿ ಹಾಕಿಕೊಂಡಿದ್ದಾರೆ. ಮಾರನೇ ದಿನ ಅವಳು ಹೋಗಿ ಇದನ್ನು ಕ್ಲಾಸಿನಲ್ಲಿ ಹೇಳಿದಳಂತೆ. ‘ತಾತ ಹೇಳಿದ್ದು’ ಅಂತ ಹಾಳೆಯ ಮೂಲೆಯಲ್ಲಿ ಬರೆದಿದೆ, ನನಗೆ ಹೆಮ್ಮೆ ಇರಲ್ವಾ?

ಬುಧವಾರ ಮೊಟ್ಟೆ. ಈಸ್ಟರ್‌ಗೆ ಮೊಟ್ಟೆ ಯಾಕೆ ಅಂದರೆ, ಹಿಂದಿನ ಕಾಲದಲ್ಲಿ ತಪಸ್ಸುಕಾಲದ, ಅಂದರೆ ಈ ಹಬ್ಬಕ್ಕೆ ಮುಂಚಿನ ಉಪವಾಸದ, ನಲವತ್ತು ದಿನ ಯುರೋಪಿನ ಕ್ರೈಸ್ತರು ಮಾಂಸದ ಜೊತೆ ಮೊಟ್ಟೆಯನ್ನೂ ಬಿಡುತ್ತಿದ್ದರು. ಕೋಳಿಗೆ ಅದು ಗೊತ್ತೇ, ಅದು ಇಡುತ್ತಲೇ ಇತ್ತು. ಕೂಡಿಬಿದ್ದ ಮೊಟ್ಟೆಗಳನ್ನು ಬೇಯಿಸಿ, ಬಣ್ಣ ಹಚ್ಚಿ, ಹಬ್ಬದ ದಿನ ಹಂಚಿ ತಿಂದರು. ಚಿಪ್ಪು ಒಡೆದು ಮರಿ ಬರುವುದಕ್ಕೂ ಯೇಸು ಸಮಾಧಿಯಿಂದ ಎದ್ದು ಬಂದರು ಅನ್ನುವ ನಂಬಿಕೆಗೂ ನಂಟು ಬೆಳೆಯಿತು. ಮಿಸ್ ಹೇಳಿದ ರೀತಿ ನನಗೆ ಹಿಡಿಸಿತು. ‘ಅವರು ಹೀಗೆ ನಂಬುತ್ತಾರೆ’ ಅಂದರು, ಅಷ್ಟೇ. ಯಾರಿಗೂ ಕೈ ಮುಗಿಸಲಿಲ್ಲ, ಯಾರ ಕೈಯಲ್ಲೂ ಪ್ರಾರ್ಥನೆ ಹೇಳಿಸಲಿಲ್ಲ. ಯುಗಾದಿಗೆ ಬೇವು ಬೆಲ್ಲ ಹಂಚಿದಾಗಲೂ ಹೀಗೇ ಇದ್ದರು. ಒಂದೇ ಧರ್ಮದ ಹಬ್ಬ ಯಾಕೆ ಅಂತ ಆ ಓದುಗರು ಕೇಳಿದ್ದರಲ್ಲ, ಇಲ್ಲಿ ಅಂಥದ್ದೇನೂ ಇಲ್ಲ.

ಕಥೆ ಮುಗಿದ ಮೇಲೆ ಕೆಲಸ ಶುರು. ಒಂದು ಬಟ್ಟಲು ನೀರಿಗೆ ಹೊಸ ಮೊಟ್ಟೆ ಹಾಕಿದರು, ಮುಳುಗಿತು. ವಾರಗಟ್ಟಲೆ ಹೊರಗಿಟ್ಟ ಮೊಟ್ಟೆ ತೇಲಿತು. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ, ದಿನ ಕಳೆದಂತೆ ಒಳಗಿನ ನೀರು ಆರಿ ಆ ಜಾಗಕ್ಕೆ ಗಾಳಿ ಸೇರುತ್ತದೆ. ಆಮೇಲೆ ನೀರಿಗೆ ಉಪ್ಪು ಹಾಕುತ್ತಾ ಹೋದರೆ ಹೊಸ ಮೊಟ್ಟೆಯೂ ಮೇಲೆ ಬರುತ್ತದೆ. ಎಷ್ಟು ಚಮಚಕ್ಕೆ ಬಂತು ಅಂತ ಪ್ರತಿ ಗುಂಪೂ ಬರೆದುಕೊಂಡಿದೆ. ಲೆಕ್ಕ ಒಂದೊಂದು ಗುಂಪಿಗೆ ಒಂದೊಂದು ಥರ, ಯಾಕೆಂದರೆ ಚಮಚ ಬೇರೆ ಬೇರೆ. ಮುಂದಿನ ಸಲ ಎಲ್ಲರೂ ಒಂದೇ ಚಮಚ ಬಳಸಬೇಕು ಅಂತ ಮಕ್ಕಳೇ ತೀರ್ಮಾನ ಮಾಡಿದ್ದಾರೆ.

ಇನ್ನೊಂದು ಮೊಟ್ಟೆಯನ್ನು ಸೋಮವಾರವೇ ವಿನಿಗರ್‌ನಲ್ಲಿ ಮುಳುಗಿಸಿಟ್ಟಿದ್ದರು. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿಗೆ ಕರಗಿ ಗುಳ್ಳೆ ಗುಳ್ಳೆಯಾಗಿ ಅನಿಲ ಬಿಡುತ್ತದೆ. ಬುಧವಾರದ ಹೊತ್ತಿಗೆ ಚಿಪ್ಪು ಪೂರ್ತಿ ಮಾಯ, ತೆಳು ಪೊರೆಯೊಳಗೆ ಮೊಟ್ಟೆ ಹಾಗೇ ಇತ್ತು, ಒತ್ತಿದರೆ ರಬ್ಬರ್. ಕೆಳಗಿನಿಂದ ಫೋನಿನ ಟಾರ್ಚ್ ಹಿಡಿದರೆ ಒಳಗಿನ ಹಳದಿ ಭಾಗ ಆಚೀಚೆ ಓಡಾಡುವುದು ಕಾಣುತ್ತದೆ. ಇದನ್ನು ಮೊಮ್ಮಗಳು ನನಗೆ ಮನೆಯಲ್ಲೂ ಮಾಡಿ ತೋರಿಸಿದಳು, ಸೊಸೆಯ ವಿನಿಗರ್ ಬಾಟಲಿ ಖಾಲಿ.

ಮೊಟ್ಟೆ ಮುಟ್ಟದ ಮನೆಯ ಮಕ್ಕಳೂ ಕ್ಲಾಸಿನಲ್ಲಿದ್ದಾರೆ. ಅವರಿಗೆ ಸಮುದ್ರದ ಚಿಪ್ಪು ಕೊಟ್ಟರು, ಅದೂ ಅದೇ ಪದಾರ್ಥ, ಅದೂ ಗುಳ್ಳೆ ಬಿಡುತ್ತದೆ, ಸ್ವಲ್ಪ ನಿಧಾನ. ಬಣ್ಣ ಹಚ್ಚುವಾಗಲೂ ಅವರಿಗೆ ಮೊಟ್ಟೆಯ ಬದಲು ಬಿಳಿ ಹತ್ತಿ ಬಟ್ಟೆ. ಈರುಳ್ಳಿ ಸಿಪ್ಪೆ ಕುದಿಸಿದರೆ ಕೆಂಪುಗಂದು, ಅರಿಶಿನದ ಹಳದಿ, ಬೀಟ್‌ರೂಟ್‌ನ ಗುಲಾಬಿ, ನೇರಳೆ ಕೋಸಿನ ನೀರಿಂದ ನೀಲಿ. ಸಿಪ್ಪೆ ತರಕಾರಿ ಗಾಡಿಯವರು ಬಿಟ್ಟಿಯಾಗಿ ಕೊಟ್ಟರು. ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಅಂತ ಮಾಡಿದ್ದಾರಲ್ಲ, ಅದರ ಬಗ್ಗೆ ದೊಡ್ಡವರು ಎಷ್ಟು ಕೂಗಾಡಿದರು! ಈ ಕ್ಲಾಸಿನಲ್ಲಿ ಯಾವ ಗಲಾಟೆಯೂ ಆಗಲಿಲ್ಲ, ಒಬ್ಬರದು ಇನ್ನೊಬ್ಬರು ನೋಡಿದರು.

ಗುರುವಾರ ಬನ್ನು. ಶುಭ ಶುಕ್ರವಾರಕ್ಕೆ ಅಂತ ನಮ್ಮ ಕಡೆ ಬೇಕರಿಗಳಲ್ಲಿ ಮೇಲೆ ಶಿಲುಬೆ ಗೆರೆ ಎಳೆದ ಬನ್ನು ಮಾಡುತ್ತಾರೆ, ಹಾಗೆಯೇ ಗೋಡಂಬಿ ಸಕ್ಕರೆಯ ಮಾರ್ಜಿಪಾನ್ ಮೊಟ್ಟೆ ಕೂಡ, ತಿನ್ನದವರು ಒಮ್ಮೆ ತಿಂದು ನೋಡಿ. ಆ ಗೆರೆ ಬನ್ನನ್ನು ಸರಿಯಾಗಿ ನಾಲ್ಕು ಭಾಗ ಮಾಡುತ್ತದೆ. ಅಲ್ಲಿಂದ ಕಾಲು, ಅರ್ಧ, ಮುಕ್ಕಾಲು ಪಾಠ. ಆ ಹೊತ್ತಿಗೆ ಸೋಮವಾರದ ಖಾಲಿ ಬೆಂಚೆಲ್ಲ ತುಂಬಿತ್ತು, 30 ಮಕ್ಕಳು. ಒಬ್ಬರಿಗೆ ಕಾಲು ಬನ್ನಾದರೆ ಎಷ್ಟು ಬನ್ನು ಬೇಕು? ಏಳು ತಂದರೆ ಇಬ್ಬರಿಗೆ ಇಲ್ಲ, ಎಂಟು ತಂದರೆ ಎರಡು ಕಾಲು ಉಳಿಯುತ್ತದೆ. ಎಂಟೇ ತಂದರು. ಉಳಿದದ್ದು ಶಾಲೆಯ ಆಯಾಗೆ ಅಂತ ಓಟು ಹಾಕಿ ತೀರ್ಮಾನಿಸಿದರು. ಆ ದಿನವೇ ಸಂಜೆ ಚರ್ಚುಗಳಲ್ಲಿ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುವ ಪದ್ಧತಿ ಇದೆ, ಈ ಸಲ ತನ್ನಪ್ಪನ ಕಾಲೂ ತೊಳೆಯುತ್ತಾರೆ ಅಂತ ಒಬ್ಬ ಹುಡುಗ ಹೇಳಿದ್ದಕ್ಕೆ, ದೊಡ್ಡವರೇ ಬೇರೆಯವರ ಕಾಲು ತೊಳೆಯೋದಾ ಅಂತ ಮೊಮ್ಮಗಳಿಗೆ ಇನ್ನೂ ಆಶ್ಚರ್ಯ ಹೋಗಿಲ್ಲ.

ಕೊನೆಗೆ ಅಂಗಳದಲ್ಲಿ ಹುಡುಕಾಟದ ಆಟ. ಪ್ಲಾಸ್ಟಿಕ್ ಮೊಟ್ಟೆ ಇಲ್ಲ, ಕನ್ನಡದಲ್ಲಿ ಬರೆದ ಸುಳಿವಿನ ಚೀಟಿಗಳು. ಓದಿ ಅರ್ಥ ಮಾಡಿಕೊಂಡರೆ ಮಾತ್ರ ಹೊಂಗೆ ಮರದ ಬುಡಕ್ಕೋ ನಲ್ಲಿಯ ಹಿಂದಕ್ಕೋ ಹೋಗಬಹುದು. ಅಂಕಕ್ಕೋಸ್ಕರ ಓದುವುದಕ್ಕಿಂತ ಬೇಗ ಓದಿದರಂತೆ!

ಹೊಗಳಿಕೆ ಜಾಸ್ತಿಯಾಯಿತು ಅಂದುಕೊಳ್ಳಬೇಡಿ. ಹಾಳೆಯ ಹಿಂದೆ ಮೊಲಕ್ಕೆ ಬಣ್ಣ ತುಂಬುವ ಜೆರಾಕ್ಸ್ ಒಂದನ್ನು ಅಂಟಿಸಿದ್ದರು, ಅದು ಬೇಕಿರಲಿಲ್ಲ. ಮೊಲ ಮೊಟ್ಟೆ ತಂದುಕೊಡುತ್ತದೆ ಅನ್ನುವುದು ಜರ್ಮನಿ ಕಡೆಯ ಹಳೆಯ ನಂಬಿಕೆ. ನಮ್ಮ ಮಕ್ಕಳಿಗೆ ಅದರ ಹಿಂದುಮುಂದು ಹೇಳದೆ ಬರೀ ಬಣ್ಣ ತುಂಬಿ ಅಂದರೆ ಏನು ಬಂತು? ‘ಮೊಲ ಮೊಟ್ಟೆ ಇಡಲ್ಲ ತಾತ, ಮಿಸ್‌ಗೆ ಗೊತ್ತಿಲ್ವಾ’ ಅಂತ ನನ್ನನ್ನು ಕೇಳಿದಳು. ಬಣ್ಣ ತುಂಬದೆ ಹಾಗೇ ಬಿಟ್ಟಿದ್ದಾಳೆ.

ನಾನು ಹೇಳುವುದು ಇಷ್ಟು. ಆ ಓದುಗರು ಪರೀಕ್ಷೆ ಮುಗಿದ ಮೇಲೆ ರಜೆ ಕೊಡಿ ಅಂದರು. ನಾನು ಕೊಡಬೇಡಿ ಅನ್ನುತ್ತೇನೆ. ಪರೀಕ್ಷೆಗೂ ಏಪ್ರಿಲ್‌ನ ಬೇಸಿಗೆ ರಜೆಗೂ ನಡುವೆ ಸಿಗುವ ದಿನಗಳನ್ನು ಎಷ್ಟೋ ಶಾಲೆಗಳು ಟಿವಿ ಹಾಕಿ ಕೂರಿಸಿ ಕಳೆಯುತ್ತವೆ, ಟೀಚರ್‌ಗಳು ಪೇಪರ್ ತಿದ್ದುತ್ತಿರುತ್ತಾರೆ, ಅವರನ್ನೂ ಬೈಯುವ ಹಾಗಿಲ್ಲ. ಆದರೆ ಸಿಲೆಬಸ್ ಓಡಿಸುವ ಆತುರ ಇಲ್ಲದ, ಅಂಕದ ಹೆದರಿಕೆ ಇಲ್ಲದ ದಿನಗಳು ಇಡೀ ವರ್ಷದಲ್ಲಿ ಅವೇ. ಕೈಯಿಂದ ಮಾಡಿ ಕಲಿಯುವುದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳಲ್ಲಿ ಶುರುವಾದ ನಲಿ ಕಲಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ತಿಂಗಳಿಗೊಂದು ಶನಿವಾರ ಬ್ಯಾಗ್ ಇಲ್ಲದ ದಿನ ಅಂತಲೂ ಮಾಡಿದ್ದಾರೆ. ಅದೇ ರೀತಿ ವರ್ಷದ ಕೊನೆಯ ಈ ದಿನಗಳಿಗೂ ಶಿಕ್ಷಣ ಇಲಾಖೆ ಒಂದು ಸರಳ ಕಾರ್ಯಕ್ರಮ ಮಾಡಲಿ, ಆ ವಾರ ಪೇಪರ್ ತಿದ್ದುವವರು ಬೇರೆ, ಕ್ಲಾಸಿನಲ್ಲಿ ಇರುವವರು ಬೇರೆ ಅಂತ ಸರದಿ ಹಾಕಲಿ. ಪೋಷಕರಿಂದ ಏನನ್ನೂ ಕೊಂಡು ತರಿಸಬಾರದು ಅಂತ ಖಾಸಗಿ ಶಾಲೆಗಳಿಗೂ ಸೇರಿಸಿ ಒಂದು ಸಾಲು ಬರೆಯಲಿ. ಅಪ್ಪ ಅಮ್ಮಂದಿರೂ ಅಷ್ಟೇ, ಪರೀಕ್ಷೆ ಮುಗಿದ ಮಾರನೇ ದಿನವೇ ಊರಿಗೆ ಬಸ್ ಬುಕ್ ಮಾಡುವುದನ್ನು ಸ್ವಲ್ಪ ತಡ ಮಾಡಿ.

ಇದಕ್ಕೆ ಈಸ್ಟರ್ರೇ ಆಗಬೇಕು ಅಂತಿಲ್ಲ. ಮುಂದಿನ ವರ್ಷ, 2027ರಲ್ಲಿ, ಮಾರ್ಚ್ 22ರ ಹುಣ್ಣಿಮೆ ಹಿಡಿದು ಈಸ್ಟರ್ ಮಾರ್ಚ್ 28ಕ್ಕೇ ಬರುತ್ತದೆ, ಆಗ ಮಕ್ಕಳು ಇನ್ನೂ ಪರೀಕ್ಷೆಯ ಗಡಿಬಿಡಿಯಲ್ಲಿರುತ್ತಾರೆ. ಅಧಿಕ ಮಾಸದಿಂದಾಗಿ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತದೆ, ಸರಿಯಾಗಿ ಈ ಖಾಲಿ ದಿನಗಳ ನಡುವೆ. ಹಾಗಾಗಿ ಮುಂದಿನ ವರ್ಷ ಮೊಟ್ಟೆಯ ಬದಲು ಬೇವಿನ ಹೂವು, ಮಾವಿನ ಮಿಡಿ, ಪಂಚಾಂಗ ಇಟ್ಟುಕೊಂಡು ಪಾಠ ಮಾಡಬಹುದು. ಪಂಚಾಂಗ ಓದಲು ಯಾರಾದರೂ ಬೇಕಿದ್ದರೆ ನಾನು ಬರುತ್ತೇನೆ ಅಂತ ಮಿಸ್‌ಗೆ ಹೇಳಿ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ತಾತ, ಲಿಂಗರಾಜಪುರ, ಬೆಂಗಳೂರು